ಪೈಪಿನ ಶಿನ್ ಗಾರ್ಡ್ ಕೊನೆಗೂ ಪಾಸಾಯಿತು

ಕಳೆದ ತಿಂಗಳ ಟೂರ್ನಿಯಲ್ಲಿ ರೆಫ್ರಿ ನಮ್ಮ ಶಾಲೆಯ ಫುಟ್‌ಬಾಲ್ ತಂಡದ 18 ಮಕ್ಕಳನ್ನೂ ಸಾಲಾಗಿ ನಿಲ್ಲಿಸಿದರು. ಸಾಕ್ಸ್ ಇಳಿಸಿ, ನಾನು ಪಿವಿಸಿ ಪೈಪಿನಿಂದ ಮಾಡಿದ ಶಿನ್ ಗಾರ್ಡಿನ (ಮೊಣಕಾಲ ಕೆಳಗಿನ ಮೂಳೆಗೆ ಪೆಟ್ಟಾಗದಂತೆ ಕಟ್ಟುವ ಕವಚ) ಅಂಚಿನ ಮೇಲೆ ಬೆರಳಾಡಿಸಿ, "ಆಡಿಸಿ ಸಾರ್" ಅಂದರು. ಪೈಪ್ ಕಟ್ಕೊಂಡು ಯಾರಾದರೂ ಫುಟ್‌ಬಾಲ್ ಆಡ್ತಾರಾ ಅಂತ ಎರಡು ವರ್ಷದಿಂದ ಕೇಳುತ್ತಿದ್ದವರೆಲ್ಲ ಅಲ್ಲೇ ಇದ್ದರು.

ಜರ್ಸಿ, ಚಡ್ಡಿ, ಸಾಕ್ಸ್, ಶಿನ್ ಗಾರ್ಡ್, ಶೂ ಇಲ್ಲದೆ ಒಳಗೆ ಬಿಡಲ್ಲ, ಅದು ನಿಮಗೆ ಗೊತ್ತು. ಆದರೆ ಫುಟ್‌ಬಾಲ್ ನಿಯಮಗಳಲ್ಲಿ ಆಟಗಾರರ ಸಲಕರಣೆ ಬಗ್ಗೆ ಇರುವ 4ನೇ ನಿಯಮವನ್ನು ಇನ್ನೊಮ್ಮೆ ಓದಿ. ಗಾರ್ಡ್ ಸೂಕ್ತ ವಸ್ತುವಿನದ್ದಾಗಿರಬೇಕು, ಕಾಲನ್ನು ಕಾಯಬೇಕು, ಸಾಕ್ಸ್ ಒಳಗಿರಬೇಕು. ಕಂಪನಿಯದ್ದೇ ಬೇಕು ಅಂತ ಎಲ್ಲೂ ಇಲ್ಲ. ಅಂಗಡಿಯಲ್ಲಿ ಒಂದು ಜೊತೆಗೆ ಸುಮಾರು 180 ರೂಪಾಯಿ, 18 ಜೊತೆ ಅಂದ್ರೆ ಮೂರು ಸಾವಿರ ದಾಟುತ್ತದೆ. ನಮ್ಮ ಶಾಲೆಯಲ್ಲಿ ಆ ದುಡ್ಡು ಇರಲಿಲ್ಲ. ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಆಡಿದರಲ್ಲಾ ಅಂತ ಊರಿನ ಹಿರಿಯರೊಬ್ಬರು ಅಂದರು. ನಿಜ, ಆದರೆ ನಮ್ಮ ಮಕ್ಕಳ ಎದುರಿಗೆ ಇವತ್ತು ಅಡಿಯಲ್ಲಿ ಗಟ್ಟಿ ಗುಬುಟುಗಳಿರುವ ಸ್ಟಡ್ ಶೂ ಬರುತ್ತದೆ.

ಮೊದಲು ರಟ್ಟು ಕಟ್ಟಿದೆ. ಮಲೆನಾಡಿನ ಮಳೆಗೆ ಹತ್ತೇ ನಿಮಿಷದಲ್ಲಿ ಹಿಟ್ಟಾಯಿತು. ಆಮೇಲೆ ಪ್ಲಂಬರ್ ಹತ್ತಿರ ಉಳಿದಿದ್ದ 4 ಇಂಚಿನ ಪಿವಿಸಿ ಪೈಪ್ ತಂದು ಗ್ಯಾಸ್ ಒಲೆಯ ಮೇಲೆ ಹಿಡಿದೆ. ಕಪ್ಪಾಯಿತು, ಹೊಗೆಗೆ ಗಂಟಲು ಉರಿಯಿತು. ದಯವಿಟ್ಟು ಹಾಗೆ ಮಾಡಬೇಡಿ, ಪೈಪ್ ಮೆತ್ತಗಾಗಲು ಕುದಿಯುವ ನೀರು ಸಾಕು. ಮೂರನೇ ಸಲ ಆಕಾರ ಸರಿ ಬಂತು, ಆದರೆ ಅಂಚು ಉಜ್ಜದೆ ಬಿಟ್ಟಿದ್ದೆ, ಒಬ್ಬ ಹುಡುಗನ ಕಾಲು ಗೀಚಿತು. ಆ ದಿನ ಅಷ್ಟನ್ನೂ ಎಸೆದು ಹೊಸದಾಗಿ ಶುರು ಮಾಡಿದೆ.

ಈಗ 16 ಸೆಂಟಿಮೀಟರ್ ಉದ್ದದ ತುಂಡು ಮಾಡಿ, ಪ್ರತಿ ತುಂಡನ್ನು ಉದ್ದಕ್ಕೆ ನಾಲ್ಕು ಸೀಳುತ್ತೇನೆ. ಐದು ಅಡಿ ಪೈಪಿಗೆ 36 ಪಟ್ಟಿ, ಅಂದರೆ ಸರಿಯಾಗಿ 18 ಜೊತೆ. ಮೂಲೆಗಳನ್ನು ದುಂಡಗೆ ಮಾಡಿ, ಸ್ಯಾಂಡ್ ಪೇಪರ್ ಹಾಕಿ, ಒಳಗೆ ಹಳೆಯ ಯೋಗ ಮ್ಯಾಟ್ ಅಂಟಿಸುತ್ತೇನೆ. ಮ್ಯಾಟ್ ಅಂಚಿನಿಂದ ಸ್ವಲ್ಪ ಹೊರಗೆ ಬರಬೇಕು, ರೆಫ್ರಿ ನೋಡುವುದೇ ಅದನ್ನ. ಮೆತ್ತಗಾದ ಪಟ್ಟಿಯನ್ನು ಯಾವುದರ ಮೇಲೆ ಒತ್ತಿ ಬಗ್ಗಿಸುತ್ತೇನೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಎಲ್ಲಾ ಸೇರಿ ಒಂದು ಜೊತೆಗೆ 35 ರೂಪಾಯಿ ಬಿದ್ದಿರಬೇಕು.

ಇದರ ಮಧ್ಯೆ ಆಫ್‌ಸೈಡ್ ಕಲಿಸಲು ಇನ್ನೊಂದು ಪ್ರಯೋಗ ಮಾಡಿದೆ. ಎದುರಾಳಿಯ ಅರ್ಧದಲ್ಲಿ, ಪಾಸ್ ಕೊಟ್ಟ ಕ್ಷಣಕ್ಕೆ ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಮುಂದೆ ಇದ್ದವ ಆ ಪಾಸ್ ಆಡಬಾರದು, ಅದೇ ಆಫ್‌ಸೈಡ್. ಗೋಲ್‌ಕೀಪರ್‌ನನ್ನೂ ಸೇರಿಸಿ ಕೊನೆಯಿಂದ ಎರಡನೇ ಎದುರಾಳಿಯ ಸಾಲಿಗೆ ಅಡ್ಡಡ್ಡ ಹಗ್ಗ ಹಿಡಿಸಿದೆ, ಮಕ್ಕಳು ಎಡವಿ ಬಿದ್ದರು. ಹಗ್ಗ ಬಿಟ್ಟು ಎರಡೂ ಬದಿಯಲ್ಲಿ ಒಬ್ಬೊಬ್ಬರಿಗೆ ಟವೆಲ್ ಕೊಟ್ಟು ಆ ಸಾಲಿಗೆ ಸರಿಯಾಗಿ ಓಡಲು ಹೇಳಿದೆ. ಪಾಸ್ ಕೊಟ್ಟ ಕ್ಷಣಕ್ಕೆ ಸೀಟಿ ಊದುತ್ತೇನೆ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಒಂದು ವಾರದಲ್ಲಿ ಅರ್ಥವಾಯಿತು. ಥ್ರೋ-ಇನ್‌ಗೆ (ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು) ಆಫ್‌ಸೈಡ್ ಇಲ್ಲ ಅನ್ನುವುದನ್ನು ಮಾತ್ರ ದಿನಾ ಹೇಳಿಸುತ್ತಿದ್ದೆ. ಟೂರ್ನಿಯ ಎರಡನೇ ಪಂದ್ಯದಲ್ಲಿ ಎದುರಾಳಿ ಡಿಫೆಂಡರ್‌ಗಳು ಆಫ್‌ಸೈಡ್ ಅಂತ ಕೈ ಎತ್ತಿ ನಿಂತರು, ನಮ್ಮ ಹುಡುಗ ಥ್ರೋ-ಇನ್‌ನಿಂದ ಬಂದ ಚೆಂಡನ್ನು ಕಾಲಲ್ಲಿ ತಡೆದು ಗೋಲು ಹೊಡೆದ!

ಮೊದಲು ಬೇಡ ಅಂದಿದ್ದ ಪಕ್ಕದ ಊರಿನ ಕೋಚ್ ಈಗ 11 ಜೊತೆ ಕೇಳಿದ್ದಾರೆ. ಒಂದು ಜೊತೆಗೆ 60 ರೂಪಾಯಿ ಹೇಳಿದ್ದೇನೆ. ಪೈಪ್ ಅವರದ್ದೇ ಆದರೆ 50.