ಅರಿಶಿನ ಕೊಂಬನ್ನು ಇಡಿಯಾಗಿ ಮಿಕ್ಸಿಗೆ ಹಾಕಬೇಡಿ

ಮನೆಯಲ್ಲೇ ಅರಿಶಿನ ಪುಡಿ ಮಾಡುವವರು ಮೊದಲು ಒಂದು ಕೊಂಬು ಮುರಿದು ನೋಡಿ. ಠಕ್ಕೆಂದು ಮುರಿದರೆ ಸರಿ. ಬಾಗಿದರೆ ಇನ್ನೂ ಎರಡು ಮೂರು ದಿನ ಒಳ್ಳೆ ಬಿಸಿಲು ಬೇಕು. ಪಸೆ ಇರುವ ಕೊಂಬು ಬ್ಲೇಡಿನ ಏಟಿಗೆ ಒಡೆಯದೆ ನಾರುನಾರಾಗುತ್ತದೆ, ಮೋಟಾರಿನ ಶ್ರಮವೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ.

ಒಣಗಿದ ಕೊಂಬನ್ನೂ ಇಡಿಯಾಗಿ ಹಾಕಬಾರದು. ಕಬ್ಬಿಣದ ಕುಟ್ಟಾಣಿಗೆ ನಾಲ್ಕೈದು ಕೊಂಬು ಹಾಕಿ, ಚೂರು ಸಿಡಿಯದಂತೆ ಬಾಯಿಗೆ ಬಟ್ಟೆ ಹಿಡಿದು, ಕಡಲೆಕಾಳಿನ ಗಾತ್ರಕ್ಕೆ ಜಜ್ಜಿ. ದೊಡ್ಡ ತುಂಡು ಬ್ಲೇಡಿಗೂ ಜಾರಿನ ಗೋಡೆಗೂ ನಡುವೆ ಸಿಕ್ಕಿಕೊಂಡರೆ ಮೋಟಾರು ತಿರುಗಲಾರದೆ ಗುಂಯ್ ಎನ್ನುತ್ತದೆ. ಆ ಕ್ಷಣದಲ್ಲೇ ಅದು ಎಳೆಯುವ ಕರೆಂಟು ಏರಿ ಸುರುಳಿ ಕಾಯುತ್ತದೆ, ಜಾರನ್ನು ಮೋಟಾರಿಗೆ ಜೋಡಿಸುವ ಕೆಳಗಿನ ರಬ್ಬರ್ ಕಪ್ಲರಿನ ಹಲ್ಲು ಸವೆಯುತ್ತದೆ. ಹಾಗೆ ನಿಂತುಬಿಟ್ಟರೆ ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಸಿಕ್ಕಿದ ತುಂಡು ಬಿಡಿಸಿ. ಮಿಕ್ಸಿ ಪೂರ್ತಿ ತಣ್ಣಗಾದ ಮೇಲೆ ತಳದ ಕೆಂಪು ಗುಂಡಿ (ಹೊರೆ ಹೆಚ್ಚಾದಾಗ ಮಿಕ್ಸಿ ನಿಲ್ಲಿಸುವ ಓವರ್‌ಲೋಡ್ ಸ್ವಿಚ್) ಒತ್ತಿ.

ಕರೆಂಟಿನ ಲೆಕ್ಕದಲ್ಲಿ ಜಜ್ಜುವುದರಿಂದ ಎಷ್ಟು ಉಳಿಯುತ್ತದೆ? ತುಂಡನ್ನು ಇಷ್ಟು ಗಾತ್ರದಿಂದ ಇಷ್ಟಕ್ಕೆ ಅರೆಯಲು ಎಷ್ಟು ಶಕ್ತಿ ಬೇಕೆಂದು ಹೇಳುವ ಸೂತ್ರವೊಂದನ್ನು ಅದಿರು ಅರೆಯುವ ಗಿರಣಿಗಳಿಗಾಗಿ ಅಮೆರಿಕದ ಎಂಜಿನಿಯರ್ ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟರು. ಅಡುಗೆಮನೆಗೆ ಅದು ಅಂದಾಜು ಮಾತ್ರ, ಆದರೂ ದಿಕ್ಕು ತೋರಿಸುತ್ತದೆ. 20 ಮಿಲಿಮೀಟರಿನ ತುಂಡನ್ನು ಕಾಲು ಮಿಲಿಮೀಟರಿಗೆ ತರುವ ಬದಲು 5 ಮಿಲಿಮೀಟರಿನಿಂದ ಶುರುಮಾಡಿದರೆ ಸುಮಾರು ಎಂಟನೇ ಒಂದು ಪಾಲು ಉಳಿಯುತ್ತದೆ, ಅಷ್ಟೇ. ಅದೇ ಪುಡಿಯನ್ನು ಇನ್ನೂ ಅರ್ಧಕ್ಕೆ ನುಣುಪು ಮಾಡಲು ಹೊರಟರೆ, ಅಲ್ಲಿಯವರೆಗೆ ಖರ್ಚಾದದ್ದರ ಅರ್ಧಕ್ಕಿಂತ ಹೆಚ್ಚು ಮತ್ತೆ ಬೇಕು. ಹಾಗಾಗಿ ಜಜ್ಜುವುದು ಮುಖ್ಯವಾಗಿ ಮಿಕ್ಸಿಯ ಆಯುಸ್ಸಿಗೆ. ಕರೆಂಟು ಉಳಿಯಬೇಕಾದರೆ ಬೇಕಾದಷ್ಟೇ ನುಣ್ಣಗೆ ಮಾಡಿ. ಸಾರಿನ ಪುಡಿ ತುಸು ತರಿಯಾಗಿದ್ದರೆ ರುಚಿಗೇನೂ ಕೊರತೆಯಿಲ್ಲ, ಘಮವೂ ಹೆಚ್ಚು ದಿನ ನಿಲ್ಲುತ್ತದೆ.

ನಡುನಡುವೆ ಜರಡಿ ಹಿಡಿಯುವುದನ್ನು ಮಾತ್ರ ಯಾರೂ ಬಿಡಬಾರದು. ಒಂದು ಲೀಟರಿನ ಡ್ರೈ ಜಾರಿಗೆ ಜಜ್ಜಿದ ಅರಿಶಿನ 150 ಗ್ರಾಂ ಸಾಕು. ಮೊದಲು ಪಲ್ಸಿನಲ್ಲಿ ಐದಾರು ಸಲ ಬಿಟ್ಟು ಬಿಟ್ಟು ತಿರುಗಿಸಿ, ಆಮೇಲೆ ಅರ್ಧ ನಿಮಿಷ ಓಡಿಸಿ, ತೆಗೆದು ಜರಡಿ ಹಿಡಿಯಿರಿ. ಆಗಲೇ ನುಣ್ಣಗಾದ ಪುಡಿ ಜಾರಿನಲ್ಲೇ ಉಳಿದರೆ ತರಿಯ ಸುತ್ತ ಮೆತ್ತೆಯಂತೆ ಕೂತು ಏಟು ತಾಗಲು ಬಿಡುವುದಿಲ್ಲ, ಸುಮ್ಮನೆ ಸುತ್ತಿ ಬಿಸಿಯಾಗುತ್ತದೆ. ಜರಡಿಯಲ್ಲಿ ಉಳಿದ ತರಿಯನ್ನು ಮುಂದಿನ ಸರದಿಯ ಚೂರಿನ ಜೊತೆ ಸೇರಿಸಿ. ಜಾರನ್ನು ಮುಟ್ಟಿ ನೋಡುತ್ತಿರಿ. ಕೈಗೆ ಬಿಸಿ ತಾಗಿದರೆ ಐದು ನಿಮಿಷ ಬಿಡಿ.

ಒಣಶುಂಠಿಗೂ ಇದೇ ಕ್ರಮ, ಆದರೆ ಅದರಲ್ಲಿ ನಾರು ಹೆಚ್ಚು, ಜರಡಿಯಲ್ಲಿ ಕೊನೆಗೆ ಉಳಿಯುವ ನಾರನ್ನು ಕಷಾಯಕ್ಕೆ ಹಾಕಿ, ಅದನ್ನು ಪುಡಿ ಮಾಡಲು ಹೆಣಗಬೇಡಿ. ಕೊಬ್ಬರಿ ಗಿಟುಕಿನ ವಿಷಯ ಬೇರೆ. ತುರಿದು ಹಾಕಬೇಕು, ಎರಡು ಮೂರು ಪಲ್ಸಿಗೆ ನಿಲ್ಲಿಸಬೇಕು. ಹೆಚ್ಚು ತಿರುಗಿಸಿದರೆ ಎಣ್ಣೆ ಬಿಟ್ಟು ತಳಕ್ಕೆ ಅಂಟಿಕೊಳ್ಳುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಗುರ, ಇಡಿಯಾಗಿ ಹಾಕಿದರೆ ಬ್ಲೇಡಿನ ಮೇಲೆ ತೇಲುತ್ತಲೇ ಇರುತ್ತದೆ. ತೊಟ್ಟು ತೆಗೆದು, ಗರಿಗರಿಯಾಗುವಷ್ಟು ಬೆಚ್ಚಗೆ ಹುರಿದು, ಆರಿದ ಮೇಲೆ ಎರಡು ಮೂರು ತುಂಡು ಮಾಡಿ ಹಾಕಿ. ಸಾಸಿವೆ, ಗಸಗಸೆಯಂಥ ಸಣ್ಣ ಕಾಳು ದೊಡ್ಡದರ ಜೊತೆ ಬಿದ್ದರೆ ಬ್ಲೇಡಿನಡಿ ಜಾರಿಕೊಳ್ಳುತ್ತದೆ. ಚಟ್ನಿ ಜಾರಿನಲ್ಲಿ ಬೇರೆಯಾಗಿಯೇ ಪುಡಿ ಮಾಡಿ ಕೊನೆಗೆ ಬೆರೆಸಿ.

ರಾಗಿ, ಗೋಧಿಯನ್ನು ಗಿರಣಿಗೆ ಕೊಡುವಾಗ ಮೊದಲೇ ಒಡೆಯುವ ಅಗತ್ಯವಿಲ್ಲ, ಕಾಳೇ ಚಿಕ್ಕದು. ಕಲ್ಲು ಆರಿಸಿ, ಚೆನ್ನಾಗಿ ಒಣಗಿಸಿ ಕೊಟ್ಟರೆ ಸಾಕು.