ಹೆರಾಲ್ಡ್ ಬಿಚ್ಚಿ ಸ್ಪಿಟ್‌ಫೈರ್ ಎಬ್ಬಿಸುವುದು ಹೇಗೆ?

ಬೆಳಗಾವಿ ಕ್ಯಾಂಪ್‌ನ ಹಳೇ ಬಂಗಲೆಯೊಂದರ ಹಿಂದಿನ ಶೆಡ್ಡಿನಲ್ಲಿ ಅದು ಕೂತಿತ್ತು. ಮೇಲೊಂದು ತಾಡಪತ್ರಿ, ತಾಡಪತ್ರಿ ಮೇಲೆ ಕೋಳಿ ಹಿಕ್ಕೆ. ನಾಲ್ಕೂ ಟೈರು ಸಪ್ಪಟೆಯಾಗಿ ನೆಲಕ್ಕೆ ಅಂಟಿದ್ದವು. ತಾಡಪತ್ರಿ ಸರಿಸಿದರೆ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 2. ಎರಡು ಸೀಟು, ಬಟ್ಟೆಯ ಟಾಪ್. ಬಟ್ಟೆ ಎಲ್ಲಿ ಹೋಯಿತೋ, ಉಳಿದದ್ದು ಕಬ್ಬಿಣದ ಕಮಾನು ಮಾತ್ರ. ಮೂವತ್ತೈದು ಮಳೆಗಾಲ ಅದನ್ನು ಯಾರೂ ಮುಟ್ಟಿರಲಿಲ್ಲ. ನಮ್ಮೂರಿನ ಜುಲೈ ಮಳೆ ಗೊತ್ತಲ್ಲ, ಒಣ ಹಾಕಿದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ. ಇನ್ನು ಕಬ್ಬಿಣದ ಗತಿ ಹೇಳಬೇಕೇ?

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿಗೆ ಇಲ್ಲಿ ಸಾಮಾನು ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಸಿಗುತ್ತದೆ. 1962ರಲ್ಲಿ ಬಂದ ಸ್ಪಿಟ್‌ಫೈರ್ ನಿಂತಿರುವುದೇ ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿ, ಮಾರ್ಪಡಿಸಿದ ಚೌಕಟ್ಟಿನ ಮೇಲೆ. ಎರಡರ ರೂಪವನ್ನೂ ಬಿಡಿಸಿದವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಅದೇ ಹೆರಾಲ್ಡನ್ನು 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿತು. ಹೀಗಾಗಿ ಸ್ಪಿಟ್‌ಫೈರಿನ ಅರ್ಧ ಮೈ ನಮ್ಮ ಗುಜರಿಗಳಲ್ಲೇ ಬಿದ್ದಿದೆ. ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ. ಇಂಥ ಕೆಲಸಕ್ಕೆ ಇಳಿದವರಿಗೆ ಅದು ಬಂಗಾರವೇ.

ಮೊದಲು ಕಾಗದ

ಪಾನಾ (ಸ್ಪ್ಯಾನರ್) ಹಿಡಿಯುವ ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣಕ್ಕೆ 5,000. ಹಳೇ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ, ಅದು ಬೇರೆ ಮಾತು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಹೆರಾಲ್ಡಿನ ಎಂಜಿನ್ನನ್ನೇ ಎತ್ತಿ ಕೂರಿಸಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಕೂರುತ್ತದೆ ಕೂಡ. ಆದರೆ ನಮ್ಮ ಹೆರಾಲ್ಡಿನದು 948 ಸಿಸಿ, ಸ್ಪಿಟ್‌ಫೈರಿನದು 1147. ಗಾಡಿಯೂ ಸೊರಗುತ್ತದೆ, ಕಾಗದವೂ ಕೆಡುತ್ತದೆ. ಬಿಚ್ಚಲೆಂದು ತಂದ ಕಾರಿಗೂ ಆರ್‌ಸಿ ಇದ್ದರೆ ಆರ್‌ಟಿಒಗೆ ತಿಳಿಸಿ ರದ್ದು ಮಾಡಿಸಿ. ಕಾನೂನು ಕೊಡುವ ಗಡುವು 14 ದಿನ.

ಯಾವ ಗುಜರಿ ಕಾರು?

ನಾನು ಎರಡು ಹೆರಾಲ್ಡ್ ತಂದೆ, ಅದೇ ಸ್ಟ್ಯಾಂಡರ್ಡ್ ಕಂಪನಿಯ ಒಂದು ಗೆಜೆಲ್ ತಂದೆ. ಗೆಜೆಲ್ ತಂದದ್ದು ದಡ್ಡತನ. 1971ರ ನಂತರ ಬಂದ ಆ ಮಾದರಿಗೆ ಹಿಂದೆ ಒಂದೇ ಗಟ್ಟಿ ಆಕ್ಸಲ್. ಸ್ಪಿಟ್‌ಫೈರಿಗೆ ಎರಡು ಚಕ್ರ ಬೇರೆ ಬೇರೆ ಆಡುವ ಸ್ವಿಂಗ್ ಆಕ್ಸಲ್. ಹಿಂಭಾಗ ಪೂರಾ ದಂಡ.

ಹೆರಾಲ್ಡಿನಿಂದ ಬರುವ ದೊಡ್ಡ ಲಾಭ ಮುಂದಿನ ಸಸ್ಪೆನ್ಷನ್ ಭಾಗಗಳು, ಸ್ಟೇರಿಂಗ್ ರ‍್ಯಾಕ್, ಜೊತೆಗೆ ಒಂದಿಷ್ಟು ಹಿಡಿಕೆ, ಸ್ವಿಚ್ಚು. ಬಾರದೇ ಇರುವುದನ್ನೂ ತಿಳಿದಿರಿ. ಸ್ಪಿಟ್‌ಫೈರಿಗೆ ಮುಂದೆ ಡಿಸ್ಕ್ ಬ್ರೇಕ್, ನಮ್ಮ ಹೆರಾಲ್ಡಿಗೆ ಡ್ರಮ್. ಕಾರ್ಬ್ಯುರೇಟರ್ ಅಲ್ಲಿ ಎರಡು, ಇಲ್ಲಿ ಒಂದು. ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲ್ ನೋಡಲು ಒಂದೇ ಥರ, ಆದರೆ ಹಲ್ಲಿನ ಲೆಕ್ಕ ಬೇರೆ. ಚಕ್ರದ ಒಂದು ಸುತ್ತಿಗೆ ಶಾಫ್ಟ್ 948 ಸಿಸಿ ಹೆರಾಲ್ಡಿನಲ್ಲಿ 4.875 ಸುತ್ತು, ಸ್ಪಿಟ್‌ಫೈರಿನಲ್ಲಿ 4.11. ಹೆರಾಲ್ಡಿನದನ್ನು ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಕಿರುಚಾಡುತ್ತದೆ.

ಈಗ ನಾನು ಕಲಿತ ಮುಖ್ಯ ಪಾಠ. ಗುಜರಿ ಕಾರನ್ನು ತಂದ ದಿನವೇ ಬಿಚ್ಚಿ ಡಬ್ಬಿಗೆ ತುಂಬಬೇಡಿ. ಅದು ಬರೀ ಸಾಮಾನಿನ ಚೀಲವಲ್ಲ, ನಿಮ್ಮ ನಕ್ಷೆ. ಬ್ರೇಕ್ ಪೈಪು ಚಾಸಿಯ ಯಾವ ಕಡೆ ಹೋಗುತ್ತದೆ, ವಾಷರ್ ನಟ್ಟಿನ ಈಚೆಗೋ ಆಚೆಗೋ, ಇಂಥ ನೂರು ಪ್ರಶ್ನೆ ಬರುತ್ತವೆ. ಆಗ ಎದ್ದು ಹೋಗಿ ನೋಡಲು ಒಂದು ಇಡೀ ಕಾರು ಬೇಕು. ಹಾಗಾಗಿ ಒಂದು ಹೆರಾಲ್ಡ್ ಬಿಚ್ಚಿ, ಇನ್ನೊಂದನ್ನು ಹಾಗೇ ಬಿಡಿ. ಒಂದೇ ಇದ್ದರೆ ಎಡಗಡೆ ಮಾತ್ರ ಬಿಚ್ಚಿ, ಬಲಗಡೆ ಇರಲಿ.

ಇವುಗಳ ನಟ್ಟು ಬೋಲ್ಟು ಇಂಚಿನ ಲೆಕ್ಕದವು. ನಮ್ಮ 13 ನಂಬರ್ ಪಾನಾ ಅರ್ಧ ಇಂಚಿನ ನಟ್ಟಿಗೆ ಕೂತ ಹಾಗೆ ಮಾಡುತ್ತದೆ, ಜೋರು ಕೊಟ್ಟ ತಕ್ಷಣ ಮೂಲೆ ಸವೆಸುತ್ತದೆ. ಇಂಚಿನ ಸೆಟ್ ಕೊಳ್ಳಿ, ಜಿಪುಣತನ ಬೇಡ.

ನಡ ಮುರಿಯಬೇಡಿ

ಹೆರಾಲ್ಡಿನಲ್ಲಿ ಬಾಗಿಲ ಕೆಳಗಿನ ಸಿಲ್ ಬರೀ ಅಲಂಕಾರ, ಭಾರ ಹೊರುವುದು ಚಾಸಿ. ಸ್ಪಿಟ್‌ಫೈರಿನಲ್ಲಿ ಚಾಸಿಯ ಪಕ್ಕದ ಕೈಗಳನ್ನು ತೆಗೆದು ಆ ಭಾರವನ್ನು ಸಿಲ್‌ಗೆ ಹೊರಿಸಿದ್ದಾರೆ. ಮೇಲೆ ಛಾವಣಿ ಇಲ್ಲ. ಸಿಲ್ ತುಕ್ಕು ಹಿಡಿದರೆ ಬಾಡಿಯ ನಡವೇ ಹೋದಂತೆ. ಹೆರಾಲ್ಡಿನ ಸಿಲ್ ಇಲ್ಲಿ ಕೆಲಸಕ್ಕೆ ಬಾರದು. ಹೊಸ ಪತ್ರಾ (ತಗಡು) ಬಗ್ಗಿಸಿ ಮಾಡಿಸಬೇಕು, ಇಲ್ಲವೇ ಹೊರಗಿನಿಂದ ತರಿಸಬೇಕು.

ಇದು ಗೊತ್ತಿಲ್ಲದೆ ನಾನು ಎಡಗಡೆ ಸಿಲ್ ಅನ್ನು ಗ್ರೈಂಡರ್ ಹಿಡಿದು ಸೀದಾ ಕತ್ತರಿಸಿದೆ. ಮರುದಿನ ಬಾಗಿಲು ಮುಚ್ಚಲು ಹೋದರೆ ಮೇಲಿನ ಮೂಲೆ ತಗುಲಿತು. ಪತ್ರಾ ಕೆಲಸದವರು ಬಂದು ಬಾಗಿಲ ಸಂದಿಗೆ ಬೆರಳಿಟ್ಟು ನೋಡಿದರು. ಕೆಳಗೆ ಬೆರಳು ಪೂರಾ ಹೋಯಿತು, ಮೇಲೆ ಉಗುರೂ ಹೋಗಲಿಲ್ಲ. "ಸಾಹೇಬ್ರ, ಗಾಡಿ ನಡಾ ಬಗ್ಗೇತ್ರಿ" ಅಂದರು. ಆ ಬಾಗನ್ನು ಜಾಕ್ ಕೊಟ್ಟು ಎತ್ತಲು ಎರಡು ವಾರ ಹಿಡಿಯಿತು.

ಸರಿಯಾದ ಕ್ರಮ ಹೀಗಿದೆ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಚಾಸಿ ಉದ್ದಕ್ಕೂ ಆಧಾರ ಕೊಡಿ. ಬಾಗಿಲು ಇದ್ದಾಗಲೇ ಸಂದಿ ನೋಡಿಕೊಂಡು, ಮೇಲಿನಿಂದ ಕೆಳತನಕ ಒಂದೇ ಸಮ ಇರುವಂತೆ ಮಾಡಿಕೊಳ್ಳಿ. ಆಮೇಲೆ ಬಾಗಿಲು ತೆಗೆದು, ಕೀಲಿನ ಕಂಬದಿಂದ ಚಿಲಕದ ಕಂಬಕ್ಕೆ ಚೌಕ ಪೈಪು ಅಡ್ಡಲಾಗಿ ಬೆಸೆಯಿರಿ. ಆಮೇಲೆ ಮಾತ್ರ ಕತ್ತರಿಸಿ, ಅದೂ ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ. ಪೂರ್ತಿ ಬೆಸೆಯುವ ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿ, ಬಾಗಿಲು ತೂಗುಹಾಕಿ, ಮುಚ್ಚಿ ನೋಡಿ. ತುಕ್ಕಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆಯುವವರಿಗೆ ನಾನು ಹೇಳುವುದು ಏನೂ ಇಲ್ಲ.

ಗ್ರೀಸ್ ಅಲ್ಲ, ಆಯಿಲ್

ಮುಂದಿನ ಚಕ್ರದ ಕೆಳಗೆ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ತುಂಡು ಇದೆ. ಚಕ್ರ ಹೊತ್ತ ಉಕ್ಕಿನ ಕಂಬ ಅದರೊಳಗೆ ಮರೆ (ತಿರುಪಿನ ಸುತ್ತು) ತಿರುಗಿ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಈ ಮರೆ ತಿರುಗಬೇಕು. ಇದಕ್ಕೆ ಕೊಡಬೇಕಾದ್ದು 90 ನಂಬರ್ ಗೇರ್ ಆಯಿಲ್. ಆದರೆ ಗ್ರೀಸ್ ಗನ್ ಕೈಯಲ್ಲಿದ್ದವರು ಗ್ರೀಸನ್ನೇ ತುಂಬುತ್ತಾರೆ. ಗ್ರೀಸು ಒಣಗಿ ಗಟ್ಟಿಯಾಗಿ ನೀರನ್ನು ಒಳಗೇ ಹಿಡಿದಿಡುತ್ತದೆ. ನನ್ನ ಮೊದಲ ಹೆರಾಲ್ಡಿನ ಟ್ರನಿಯನ್ ಬಿಚ್ಚಿದಾಗ ಒಳಗಿದ್ದದ್ದು ಬೆಲ್ಲದ ಪಾಕದಂಥ ಕೆಂಪು ಕೆಸರು. ಒರೆಸಿ ನೋಡಿದರೆ ಕಂಬದ ಮೇಲಿನ ಮರೆಯಲ್ಲಿ, ಟ್ರನಿಯನ್ ಮುಗಿಯುವಲ್ಲೇ, ಸುತ್ತಲೂ ಉಂಗುರದ ಹಾಗೆ ತುಕ್ಕು ತಿಂದಿತ್ತು. ಮುರಿಯುವುದು ಅಲ್ಲೇ. ಮುರಿದರೆ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಮೂಗು ಊರುತ್ತದೆ.

ಎರಡನೇ ಹೆರಾಲ್ಡಿನ ಕಂಬಗಳು ಮಿರಮಿರ ಹೊಳೆಯುತ್ತಿದ್ದವು. ಯಾರೋ ಪುಣ್ಯಾತ್ಮರು ಆಯಿಲ್ ಹಾಕಿದ್ದರು. ಅವೇ ಈಗ ನನ್ನ ಕಾರಿನಲ್ಲಿವೆ. ನಕ್ಷೆಯ ಕಾರಿನಿಂದ ಕಿತ್ತದ್ದು ಅವನ್ನು ಮಾತ್ರ. ಎಡ ಬಲ ಬೇರೆ ಬೇರೆ, ಅದಲು ಬದಲು ಮಾಡಬೇಡಿ. ಮರೆಯನ್ನು ಪೂರ್ತಿ ತಿರುಗಿಸಿ, ಆಮೇಲೆ ಚಕ್ರ ಎರಡೂ ಕಡೆ ಪೂರ್ತಿ ಹೊರಳುವಷ್ಟು ಮಾತ್ರ ಹಿಂದಕ್ಕೆ ಬಿಡಿ. ನಮ್ಮ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದಲ್ಲಿ ಲೇಥ್‌ಗೆ ಬರವಿಲ್ಲ. ಬುಶ್, ಪಿನ್ನು ಏನು ಬೇಕಾದರೂ ಕಡೆದು ಕೊಡುತ್ತಾರೆ. ಆದರೆ ಈ ಕಂಬವನ್ನು ಬೆಸೆಯಿಸುವುದು, ಕಡೆಸುವುದು ಬೇಡ. ನಿಮ್ಮ ಜೀವ ನಿಂತಿರುವ ಸಾಮಾನು ಅದು.

ಎಂಜಿನ್ ಮತ್ತು ಉಳಿದದ್ದು

ಜಾಮ್ ಆದ ಎಂಜಿನ್ನನ್ನು ತಳ್ಳಿ, ಎಳೆದು ಸ್ಟಾರ್ಟ್ ಮಾಡಲು ಹೋಗಬೇಡಿ. ನಾಲ್ಕು ಪ್ಲಗ್ ಬಿಚ್ಚಿ. ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರಿಗೆ ಹುಯ್ಯಿರಿ. ಒಂದು ವಾರ ಮರೆತುಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಕೆಯ ಪಾನಾ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ನನ್ನದು ಹನ್ನೊಂದನೇ ದಿನ "ಟಿಕ್" ಅಂತು.

ಬಿಟ್ಟುಕೊಂಡ ಮೇಲೆ ಒಂದು ಪರೀಕ್ಷೆ. ಒಬ್ಬರು ಕ್ಲಚ್ ತುಳಿಯಲಿ, ನೀವು ಪುಲ್ಲಿ ನೋಡಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಸರಿದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಬದಲಿಸಿ. ಬಿದ್ದುಹೋದರೆ ಬ್ಲಾಕೇ ಕೆಡುತ್ತದೆ. ವಾಲ್ವ್ ಸಂದಿ ತಣ್ಣಗಿದ್ದಾಗ 0.25 ಮಿಲಿಮೀಟರ್, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸಂದಿ 0.38. ಪ್ಲಗ್ ತಂತಿ 1, 3, 4, 2 ಕ್ರಮದಲ್ಲಿ. ಪ್ಲಗ್ ಹಾಕುವ ಮುಂಚೆ ಸ್ಟಾರ್ಟರ್ ತಿರುಗಿಸಿ ಆಯಿಲ್ ಮೇಲೆ ಏರಿತೋ ನೋಡಿಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಸಿ, ಆದರೆ ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ಖಂಡಿತ ಬೇಡ.

ಬ್ರೇಕಿನ ವಿಷಯದಲ್ಲಿ ಗುಜರಿ ಸಾಮಾನು ಮುಟ್ಟಲೇಬೇಡಿ. ರಬ್ಬರ್, ಹೋಸು, ಪೈಪು ಎಲ್ಲ ಹೊಸದು.

ಮಾರ್ಕ್ 2ರಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ಥ್, ಅಂದರೆ ಗಾಡಿಯ ಮೈಗೆ ಜೋಡಿಸುವ ತುದಿ. ನಮ್ಮ ಎಲೆಕ್ಟ್ರಿಷಿಯನ್‌ಗಳು ಅಭ್ಯಾಸಬಲದಿಂದ ಮೈನಸ್ ಹಾಕಿಬಿಡುತ್ತಾರೆ, ಪಕ್ಕದಲ್ಲೇ ನಿಂತಿರಿ. ತಂತಿಯ ಬಣ್ಣಕ್ಕೂ ಅರ್ಥ ಇದೆ. ಕಂದು ಬಣ್ಣದ್ದು ಬ್ಯಾಟರಿಯಿಂದ, ಬಿಳಿ ಇಗ್ನಿಷನ್‌ನಿಂದ, ಹಸಿರು ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ಥ್. ಟಾಪ್‌ನ ಬಟ್ಟೆಯನ್ನು ಸೀಟು ಹೊಲಿಯುವವರಿಂದಲೇ ಹೊಲಿಸಿದೆ. ಬಿಸಿಲಲ್ಲಿ ಕಮಾನಿನ ಮೇಲೆ ಹಾಸಿಯೇ ಅಳತೆ ತೆಗೆಯಲು ಹೇಳಿ, ಇಲ್ಲದಿದ್ದರೆ ಗಿಡ್ಡ ಬರುತ್ತದೆ.

ಮೊದಲ ಸುತ್ತು ಬೆಳಗ್ಗೆ ಆರಕ್ಕೆ, ಹಿಂಡಲಗಾ ಗಣಪತಿ ಗುಡಿಯವರೆಗೆ. ವಾಪಸ್ ಬಂದು ಎಲ್ಲ ನಟ್ಟು ಮತ್ತೆ ಬಿಗಿದೆ, ಏಳು ಸಡಿಲಾಗಿದ್ದವು. ಹೆರಾಲ್ಡ್ ಕುಟುಂಬದ ಕಾರುಗಳ ಮುಂದಿನ ಚಕ್ರ ಎಷ್ಟು ಹೊರಳುತ್ತವೆಂದರೆ ಸುಮಾರು 24 ಅಡಿಯೊಳಗೆ ಸ್ಪಿಟ್‌ಫೈರ್ ತಿರುಗಿಬಿಡುತ್ತದೆ. ಗಲ್ಲಿಯ ಬಾಯಲ್ಲಿ ನಿಂತಿದ್ದ ಆಟೋದವರು ಬಗ್ಗಿ ಚಕ್ರ ನೋಡಿದರು.

ಎರಡನೇ ಹೆರಾಲ್ಡ್ ಈಗಲೂ ಹಿತ್ತಲಲ್ಲಿ ಇಟ್ಟಿಗೆ ಮೇಲೆ ಕೂತಿದೆ. ಮನೆಯವರು ಯಾವಾಗ ಸಾಗಿಸುತ್ತೀರಿ ಎಂದು ಕೇಳುತ್ತಲೇ ಇದ್ದಾರೆ. ಹಿಂದಿನ ಬ್ರೇಕ್ ಕೇಬಲ್ ಹೋಗುವ ದಾರಿ ಇನ್ನೊಮ್ಮೆ ನೋಡಬೇಕಿದೆ ಎಂದಿದ್ದೇನೆ.