ಒಂದು ಸುತ್ತು ಬಿಚ್ಚಿ ಕೆಟ್ಟೆ: ನನ್ನ 7 ಮೆಗಾಹರ್ಟ್ಸ್ ಆಸಿಲೇಟರ್ ಕಥೆ

ಹ್ಯಾಮ್‌ಗಳ (ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ) ಮಾತು ಕೇಳಲು ಒಂದು ಸಣ್ಣ ರಿಸೀವರ್ ಮಾಡಬೇಕು ಅಂತ ಕೂತಿದ್ದೆ. ನಮ್ಮ ದೇಶದಲ್ಲಿ ಅವರು ಮಾತಾಡುವ 40 ಮೀಟರ್ ಬ್ಯಾಂಡ್ ಅಂದರೆ 7.0ರಿಂದ 7.2 ಮೆಗಾಹರ್ಟ್ಸ್. ಅವರನ್ನು ಹಿಡಿಯಲು ಇಷ್ಟರೊಳಗೆ ಓಡಾಡುವ ಆಸಿಲೇಟರ್, ಅಂದರೆ ನಮಗೆ ಬೇಕಾದ ಫ್ರೀಕ್ವೆನ್ಸಿಯ ಅಲೆ ಹುಟ್ಟಿಸುವ ಸರ್ಕ್ಯೂಟ್ ಬೇಕು. ಈಗ ಎಸ್‌ಐ5351 ಅನ್ನುವ ರೆಡಿಮೇಡ್ ಫ್ರೀಕ್ವೆನ್ಸಿ ಚಿಪ್ಪಿನ ಬೋರ್ಡ್ ತಂದು ಆರ್ಡುಯಿನೋ (ಪುಟ್ಟ ಕಂಪ್ಯೂಟರ್ ಬೋರ್ಡ್) ಜೊತೆ ಹಾಕಿದರೆ ಒಂದೇ ಸಂಜೆಯ ಕೆಲಸ. ನನಗೆ ಮಾತ್ರ ಕಾಯಿಲ್ ಸುತ್ತುವ ಹುಚ್ಚು.

ಆರಿಸಿದ್ದು ಕಾಲ್ಪಿಟ್ಸ್ ಅನ್ನುವ ಆಸಿಲೇಟರ್ ಸರ್ಕ್ಯೂಟ್. ಒಂದು ಕಾಯಿಲ್, ಎರಡು ಕೆಪಾಸಿಟರ್, ಒಂದು ಬಿಸಿ547 ಟ್ರಾನ್ಸಿಸ್ಟರ್. ಕೆಂಪು ಟಿ50-2 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 20 ಸುತ್ತು ಸುತ್ತಿದರೆ ಸುಮಾರು 1.96 ಮೈಕ್ರೋಹೆನ್ರಿ. 7 ಮೆಗಾಹರ್ಟ್ಸ್‌ಗೆ ಅದರ ಜೊತೆ 264 ಪಿಕೋಫ್ಯಾರಡ್ ಬೇಕು. ಎರಡು 470 ಸರಣಿಯಲ್ಲಿ ಸೇರಿ 235 ಆಯಿತು. ಉಳಿದದ್ದು ಟ್ರಿಮ್ಮರ್ (ಸ್ಕ್ರೂ ತಿರುಗಿಸಿ ಹೊಂದಿಸುವ ಚಿಕ್ಕ ಕೆಪಾಸಿಟರ್), ಗ್ಯಾಂಗ್ (ಟ್ಯೂನ್ ಮಾಡಲು ತಿರುಗಿಸುವ ಕೆಪಾಸಿಟರ್) ಮತ್ತು ವೈರುಗಳ ಪಾಲು. ಇಡೀ ಬ್ಯಾಂಡ್ ದಾಟಲು 15 ಪಿಕೋಫ್ಯಾರಡ್ ಬದಲಾದರೆ ಸಾಕು. ಗ್ಯಾಂಗಿನ ದೊಡ್ಡ ಬದಲಾವಣೆ ಇಷ್ಟಕ್ಕೆ ಇಳಿಯಲಿ ಅಂತ ಅದಕ್ಕೆ ಸರಣಿಯಲ್ಲಿ ಒಂದು ಚಿಕ್ಕ ಕೆಪಾಸಿಟರ್ ಹಾಕಿದೆ.

ಮೊದಲು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚುವ ಹಲಗೆ) ಮೇಲೆ ಕಟ್ಟಿದೆ. ಸದ್ದೇ ಇಲ್ಲ. ಅವತ್ತು ಬಿಸಿ547 ಮುಗಿದಿದ್ದರಿಂದ ಡಬ್ಬದಲ್ಲಿದ್ದ ಬಿಎಫ್494 ಚುಚ್ಚಿದ್ದೆ. ಬಿಸಿ547ರಲ್ಲಿ ಮಧ್ಯದ ಕಾಲು ಬೇಸ್, ಬಿಎಫ್494ರಲ್ಲಿ ಎಮಿಟರ್. ಇದು ನೆನಪಾಗಲು ಎರಡು ಗಂಟೆ ಹಿಡಿಯಿತು, ನಾಚಿಕೆ ಆಗುತ್ತದೆ. ಆಮೇಲೆ ಬ್ರೆಡ್‌ಬೋರ್ಡ್ ಸಹವಾಸವನ್ನೇ ಬಿಟ್ಟೆ. ಅದರ ಪಕ್ಕಪಕ್ಕದ ಸಾಲುಗಳ ನಡುವೆಯೇ ಒಂದೆರಡು ಪಿಕೋಫ್ಯಾರಡ್ ಇರುತ್ತದೆ, ಈ ಕೆಲಸಕ್ಕೆ ಅದು ಜಾಸ್ತಿ. ತಾಮ್ರದ ಬೋರ್ಡಿನ ತುಂಡನ್ನೇ ಗ್ರೌಂಡ್ ಮಾಡಿಕೊಂಡು, ಅದರ ಮೇಲೆ ಕಾಲು ಗಿಡ್ಡ ಮಾಡಿ ಬೆಸುಗೆ ಹಾಕಿದೆ.

ಈಗ ಆಸಿಲೇಟರ್ ಓಡಿತು. ನಿಜವಾದ ತಪ್ಪು ಮಾಡಿದ್ದು ಇಲ್ಲಿಂದ ಮುಂದೆ. ಅಲೆಯನ್ನು ತೆರೆಯ ಮೇಲೆ ತೋರಿಸುವ ಸ್ಕೋಪಿನ ಟೆನ್ ಎಕ್ಸ್ (ಸಿಗ್ನಲನ್ನು ಹತ್ತರಲ್ಲೊಂದು ಮಾಡುವ) ಪ್ರೋಬ್‌ನ್ನು ಕಾಯಿಲ್ ತುದಿಗೆ ಇಟ್ಟೆ. 6.8 ತೋರಿಸಿತು. ಕಡಿಮೆ ಆಯ್ತಲ್ಲ, ಏರಿಸೋಣ ಅಂತ ಒಂದು ಸುತ್ತು ಬಿಚ್ಚಿದೆ. ಈಗ 7.16. ಬ್ಯಾಂಡಿನೊಳಗೆ ಬಂತು ಅಂತ ಖುಷಿಯಾಗಿ ಪ್ರೋಬ್ ತೆಗೆದು ರಿಸೀವರ್‌ಗೆ ಜೋಡಿಸಿದರೆ ಒಬ್ಬ ಹ್ಯಾಮ್ ಕೂಡ ಕೇಳಿಸುತ್ತಿಲ್ಲ!

ಪರಿಚಯದ ಹಿರಿಯ ಹ್ಯಾಮ್ ಒಬ್ಬರಿಗೆ ಫೋನ್ ಮಾಡಿದೆ. "ಸ್ಕೋಪ್ ಪಕ್ಕಕ್ಕಿಡಪ್ಪ. ಮನೇಲಿ ಶಾರ್ಟ್‌ವೇವ್ ರೇಡಿಯೋ ಇದ್ಯಾ? ಪಕ್ಕದಲ್ಲಿಟ್ಟು ಹುಡುಕು" ಅಂದರು. ಹಳೆ ಟ್ರಾನ್ಸಿಸ್ಟರ್ ರೇಡಿಯೋ ತಂದು ಮುಳ್ಳು ತಿರುಗಿಸುತ್ತಾ ಹೋದೆ. 41 ಮೀಟರ್ ಬ್ಯಾಂಡ್‌ನಲ್ಲಿ, 7.37ರ ಹತ್ತಿರ, ಸುಯ್ ಅನ್ನುವ ಶಬ್ದ ಒಮ್ಮೆಗೇ ನಿಂತು ಹೋಯಿತು. ಕಾಯಿಲ್ ಹತ್ತಿರ ಬೆರಳು ತಂದರೆ ಮತ್ತೆ ಸುಯ್. ನನ್ನ ಆಸಿಲೇಟರ್ ಅಲ್ಲಿ ಕೂತಿತ್ತು. ಆ ಪ್ರೋಬ್‌ಗೇ ಸುಮಾರು 15 ಪಿಕೋಫ್ಯಾರಡ್ ಇದೆ. ಅದು ಸೇರಿ ನನ್ನ 7.0 ಅನ್ನು 6.8 ಮಾಡಿತ್ತು. ಸರಿಯಾಗಿದ್ದ ಕಾಯಿಲ್‌ನಿಂದ ನಾನು ಸುತ್ತು ಬಿಚ್ಚಿದ್ದೆ. ಒನ್ ಎಕ್ಸ್‌ನಲ್ಲಿ ಇಟ್ಟಿದ್ದರೆ ನೂರರ ಹತ್ತಿರ ಸೇರಿ ಇನ್ನೂ ದೊಡ್ಡ ಸುಳ್ಳು ಹೇಳುತ್ತಿತ್ತು.

ಓಡುತ್ತಿದೆಯೋ ಇಲ್ಲವೋ ಅಂತ ಮಾತ್ರ ನೋಡಲು ಈಗ ಮಲ್ಟಿಮೀಟರ್ ಬಳಸುತ್ತೇನೆ. ಎಮಿಟರ್‌ನ ಡಿಸಿ ವೋಲ್ಟೇಜ್ ನೋಡಿಕೊಂಡು, ಕಾಯಿಲ್‌ನ ಎರಡೂ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಕೂಡಿಸುತ್ತೇನೆ. ಮುಳ್ಳು ಅಲುಗಿದರೆ ಓಡುತ್ತಿತ್ತು ಅಂತ ಅರ್ಥ. ಅಲುಗದಿದ್ದರೆ ಕಾಲು ಅದಲುಬದಲಾಗಿದೆಯಾ, ಬಯಾಸ್ (ಟ್ರಾನ್ಸಿಸ್ಟರಿಗೆ ಕೊಡುವ ಡಿಸಿ) ಸರಿ ಇದೆಯಾ ನೋಡಬೇಕು. ಅಳೆಯಲೇಬೇಕು ಅಂದರೆ ಇನ್ನೊಂದು ಬಿಸಿ547ರ ಎಮಿಟರ್ ಫಾಲೋವರ್ ಬಫರ್ (ಆಸಿಲೇಟರಿಗೆ ಹೊರಗಿನ ಭಾರ ತಾಗದಂತೆ ತಡೆಯುವ ಹಂತ) ಹಾಕಿ, ಅದರ ಔಟ್‌ಪುಟ್‌ನಲ್ಲಿ ಅಳೆಯುತ್ತೇನೆ. ರಿಸೀವರಿನ ಮಿಕ್ಸರ್ (ಬಂದ ಸಿಗ್ನಲನ್ನು ಆಸಿಲೇಟರ್ ಜೊತೆ ಬೆರೆಸುವ ಹಂತ) ಫ್ರೀಕ್ವೆನ್ಸಿಯನ್ನು ಎಳೆದಾಡುವುದೂ ಅದರಿಂದ ಕಡಿಮೆಯಾಯಿತು.

ಇನ್ನು ಬಿಸಿ-ತಂಪಿಗೆ ಫ್ರೀಕ್ವೆನ್ಸಿ ಜಾರುವ ಕಾಟ. ಫ್ಯಾನ್ ಹಾಕಿದರೆ ಸಾಕು, ಮಾತಾಡುತ್ತಿದ್ದವರ ದನಿ ಬಾತುಕೋಳಿಯ ಹಾಗೆ ಆಗುತ್ತಿತ್ತು. ಲೆಕ್ಕ ಹಾಕಿ ನೋಡಿದೆ. ಕೆಂಪು ಕೋರ್ ಡಿಗ್ರಿಗೆ 95 ಪಿಪಿಎಂ (ಹತ್ತು ಲಕ್ಷದಲ್ಲಿ 95 ಪಾಲು) ಬದಲಾಗುತ್ತದೆ, ಫ್ರೀಕ್ವೆನ್ಸಿ ಅದರ ಅರ್ಧ. ಅಂದರೆ 7 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಡಿಗ್ರಿಗೆ 330 ಹರ್ಟ್ಸ್! ಹಳದಿ ಟಿ50-6 ಆದರೆ 35 ಪಿಪಿಎಂ, ಸುಮಾರು 120 ಹರ್ಟ್ಸ್. ಹೇಗಿದ್ದರೂ ಕಾಯಿಲ್ ಹಾಳಾಗಿತ್ತಲ್ಲ, ಹಳದಿ ಕೋರ್ ಮೇಲೆ 22 ಸುತ್ತು ಹೊಸದಾಗಿ ಸುತ್ತಿದೆ. ತಂತಿ ಅಲುಗದಿರಲು ಹೆಂಡತಿಯ ನೈಲ್ ಪಾಲಿಶ್ ಬಳಿದೆ. (ಬಣ್ಣವಿಲ್ಲದ್ದು. ಕೇಳಿಯೇ ತೆಗೆದುಕೊಂಡೆ.) ಟ್ಯಾಂಕಿನಲ್ಲಿ (ಕಾಯಿಲ್-ಕೆಪಾಸಿಟರ್ ಜೋಡಿಯಲ್ಲಿ) ಇದ್ದ ಸಾದಾ ಡಿಸ್ಕ್ ಸೆರಾಮಿಕ್ ಕೆಪಾಸಿಟರ್ ಕಿತ್ತು, ಬಿಸಿಗೆ ಅಷ್ಟಾಗಿ ಬದಲಾಗದ ಎನ್‌ಪಿಓ ಹಾಕಿದೆ. ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡಿದ್ದು ಇದರಿಂದಲೇ. ಸಪ್ಲೈ ಅಲುಗದಿರಲು 9 ವೋಲ್ಟ್ ರೆಗ್ಯುಲೇಟರ್ 78ಎಲ್09 ಬಂತು. ಆದರೆ ಆ ರೆಗ್ಯುಲೇಟರ್ ಬಿಸಿಯಾಗುತ್ತದೆ, ಅದನ್ನು ಕಾಯಿಲ್‌ನಿಂದ ದೂರ ಇಡಿ. ನಾನು ಮೊದಲು ಪಕ್ಕದಲ್ಲೇ ಇಟ್ಟು ಮತ್ತೊಂದು ಸಂಜೆ ಕಳೆದುಕೊಂಡೆ.

ಗಾಳಿ ತಾಗದಿರಲು ಎಲ್ಲವನ್ನೂ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಸೇರಿಸಿದೆ. ಮುಚ್ಚಳ ಹಾಕಿದೊಡನೆ ಫ್ರೀಕ್ವೆನ್ಸಿ ಕದಲಿತು. ತೆಗೆದು ಟ್ರಿಮ್ಮರ್ ತಿರುಗಿಸುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಐದಾರು ಸಲ ಆದಮೇಲೆ ಟ್ರಿಮ್ಮರ್ ನೇರಕ್ಕೆ ಮುಚ್ಚಳದಲ್ಲೇ ತೂತು ಕೊರೆದೆ. ಈಗಲೂ ಸ್ವಿಚ್ ಹಾಕಿದ ಮೊದಲ ಹತ್ತು ನಿಮಿಷ ಸ್ವಲ್ಪ ಜಾರುತ್ತದೆ. ಅಷ್ಟರಲ್ಲಿ ಕಾಫಿ ಮಾಡಿಕೊಂಡು ಬರುತ್ತೇನೆ.